ನಿಂಗಯ್ಯನಿಗೆ ಏನೂ ಆಗಿರಲಿಲ್ಲ

ಸಂಕ್ರಾಂತಿ ಕಳೆದ ವಾರ. ಅವರೆಕಾಯಿ ಸೊಗಡು ಊರೆಲ್ಲ ಹರಡಿದ್ದ ಕಾಲ. ಮಂಗಳವಾರ ಬೆಳಗ್ಗೆ, ಎಳೆ ಬಿಸಿಲು ಜಗಲಿಗೆ ಬಿದ್ದ ಹೊತ್ತಿನಲ್ಲಿ ಇದು ಶುರುವಾಯಿತು.

ಹೊಳಲಿನ ನಿಂಗಯ್ಯ ಕಾಲು ಚಾಚಿ ಕೂತಿದ್ದ. ಒಳಗೆ ಹೆಂಡತಿ ಅಂಕಮ್ಮ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತಿದ್ದಳು. ಮಧ್ಯಾಹ್ನಕ್ಕೆ ಹಿದುಕವರೆ ಸಾರು, ಬಿಸಿ ಮುದ್ದೆ. ಬೆನ್ನಿಗೆ ಬಿಸಿಲು. ಅವನಿಗೆ ಯಾಕೋ, ಇಷ್ಟು ಸಾಕಲ್ಲ ಅನ್ನಿಸಿಬಿಟ್ಟಿತು.

ಅನ್ನಿಸಿದ್ದು ತಪ್ಪಲ್ಲ. ಬಾಯಿ ಬಿಟ್ಟು ಹೇಳಿದ್ದು ತಪ್ಪು.

"ಏನ್ಲಾ ನಿಂಗ, ಎಂಗಿದ್ದೀಯಾ?" ಅಂತ ಪಕ್ಕದ ಮನೆಯ ಕೆಂಪಸಿದ್ದಯ್ಯ ಬೀದಿಯಿಂದಲೇ ಕೇಳಿದ. ನಮ್ಮ ಕಡೆ ಇದಕ್ಕೆ "ಏನೋ ಇವ್ನಿ ಬುಡು" ಅಂತ ನರಳಿ, ಮಂಡಿಯದೋ ನಾಲೆ ನೀರಿನದೋ ಒಂದು ದೂರು ಹೇಳಬೇಕು. ಕೇಳಿದವನೂ ತನ್ನದೊಂದು ಹೇಳಬೇಕು. ಆಮೇಲೆ ಇಬ್ಬರೂ ಹಗುರಾಗಿ ಕೆಲಸಕ್ಕೆ ಹೋಗಬೇಕು.

"ಚೆನ್ನಾಗಿವ್ನಿ ಕಣ್ಲಾ. ನಂಗೇನೂ ಕಮ್ಮಿ ಇಲ್ಲ," ಅಂದ ನಿಂಗಯ್ಯ.

ಕೆಂಪಸಿದ್ದಯ್ಯ ಬೇಲಿಗೆ ಸಿಕ್ಕಿಕೊಂಡ ಪಂಚೆಯಂತೆ ನಿಂತುಬಿಟ್ಟ. "ಅಂಕಕ್ಕಾ! ಬಾ ಈಚ್ಗೆ! ನಮ್ ದೊಡ್ಡಪ್ಪನೂ ಇಂಗೇ ಅಂದಿದ್ದ. ಸಾಯಂಕಾಲಕ್ಕೆ ಹೆಣ ಎತ್ಬುಟ್ಟೋ!"

ಅಂಕಮ್ಮ ಕೈಗೆಲ್ಲ ಅವರೆ ಸಿಪ್ಪೆ ಮೆತ್ತಿಕೊಂಡೇ ಓಡಿ ಬಂದಳು. "ಮಂಡಿ ನೋಯ್ತಿಲ್ವಾ?"

"ಇಲ್ಲ ಕಣಮ್ಮಿ."

"ನಮ್ಮಣ್ಣನ್ ಮ್ಯಾಲೆ ಸಿಟ್ಟು?"

"ಪಾಪ, ಒಳ್ಳೆ ಮನ್ಸ."

ಅಂಕಮ್ಮ ಎದೆ ಹಿಡಿದುಕೊಂಡು ಕುಸಿದಳು. "ಅಯ್ಯೋ, ಇವ್ರು ನಂಗೆ ದಕ್ಕಾಕಿಲ್ಲ ಕಣಪ್ಪೋ!"

ಎದುರು ಮನೆಯ ಬೆಟ್ಟಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಬೀದಿ ನಾಯಿಯೂ ಸೀನಿತು. "ಘಾಟು ಬಂತು. ದಿಸ್ಟಿ ಅಲ್ಲ ಇದು, ಒಳಗಿನ್ ಕಾಯ್ಲೆ," ಅಂತ ತೀರ್ಪು ಕೊಟ್ಟಳು.

ಕೆಂಪಸಿದ್ದಯ್ಯ ನಿಂಗಯ್ಯನನ್ನು ಬೈಕಿನ ಹಿಂದೆ ಕೂರಿಸಿ, ಬೀಳದಿರಲಿ ಅಂತ ಟವೆಲ್ಲಿನಲ್ಲಿ ತನ್ನ ಸೊಂಟಕ್ಕೆ ಬಿಗಿದುಕೊಂಡು ಮಂಡ್ಯಕ್ಕೆ ಬಿಟ್ಟ. ಡಾಕ್ಟರು ಎದೆ, ನಾಲಿಗೆ ಎಲ್ಲ ನೋಡಿ, "ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ," ಅಂದರು.

ಕೆಂಪಸಿದ್ದಯ್ಯ ಹೊರಗೆ ಬಂದು ಕಣ್ಣೊರೆಸಿಕೊಂಡು ಫೋನು ಮಾಡಿದ. "ಅಕ್ಕಾ, ಮನೆಗ್ ಕರ್ಕೊಂಡೋಗಿ ಅಂದ್ಬುಟ್ರು!"

ಊರಿಗೆ ಬಂದಾಗ ಜಗಲಿ ತುಂಬ ಜನ. ಅಂಕಮ್ಮನ ಅಣ್ಣ ಚಿಕ್ಕಬೋರಯ್ಯ ಮಳವಳ್ಳಿಯಿಂದ ಬ್ರೆಡ್ಡು ಹಿಡಿದು ಬಂದು ಕೂತಿದ್ದ. ನೋಡಲು ಬಂದವರೆಲ್ಲ ಹಿದುಕವರೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. ನಿಂಗಯ್ಯನ ಮುಂದೆ ಗಂಜಿ ಬಂತು.

"ನಂಗೂ ಸಾರು ಬುಡ್ರಲಾ!"

"ಸರಿಯಾಗೋ ಗಂಟ ಪಥ್ಯ ಕಣಪ್ಪ," ಅಂದಳು ಬೆಟ್ಟಮ್ಮ, ತನ್ನ ತಟ್ಟೆಗೆ ಇನ್ನೊಂದು ಸೌಟು ಬಗ್ಗಿಸಿಕೊಂಡು.

ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ನಿಂಗಯ್ಯನ ಸಮಾಧಾನವೆಲ್ಲ ಹಾರಿಹೋಯಿತು. "ಮಂಡಿ ನೋಯ್ತದೆ! ನಾಲೇಲಿ ನೀರು ಬರಾಕಿಲ್ಲ! ಸೂರು ಸೋರ್ತದೆ!"

"ಬಾಯಿಪಾಠ ಒಪ್ಪಿಸ್ತಾವ್ನೆ, ಪಾಪ," ಅಂದರು ಜನ. ಯಾರೂ ನಂಬಲಿಲ್ಲ.

ಇನ್ನೇನು ಮಾಡುವುದು? ಇಲ್ಲದ್ದೊಂದನ್ನು ಹುಟ್ಟಿಸಿದ. "ಲಗ್ನ ಆದಾಗಿಂದ ಇವಳ ಸಾರಿಗೆ ರುಚೀನೇ ಇಲ್ಲ ಕಣ್ರಲಾ!"

"ಬದುಕ್ದ!" ಜಗಲಿಗೆ ಜಗಲಿಯೇ ಕುಣಿಯಿತು. ಕೆಂಪಸಿದ್ದಯ್ಯ ಕೊನೆಯ ಸೌಟು ಸಾರನ್ನು ನಿಂಗಯ್ಯನ ತಟ್ಟೆಗೆ ಬಿಟ್ಟ. ಅಂಕಮ್ಮ ಬಂದು ಆ ತಟ್ಟೆ ಎತ್ತಿ ಎಮ್ಮೆಯ ಮುಂದೆ ಇಟ್ಟಳು. "ರುಚಿ ಇಲ್ದಿದ್ದು ನಿಮಗ್ಯಾಕೆ?"

ಮಾರನೆಯ ಬೆಳಗ್ಗೆ ಅಣ್ಣನ ಹಿಂದೆ ಬಸ್ಸು ಹತ್ತಿದವಳು ಫೋನೂ ಮಾಡಲಿಲ್ಲ. ಗಂಜಿ ಕುಡಿದು ಕುಡಿದು ಸೋತ ನಿಂಗಯ್ಯ ತಾನೇ ಫೋನು ಮಾಡಿದ. "ಸಾರು ಚೆನ್ನಾಗೇ ಇತ್ತು ಕಣಮ್ಮಿ. ಯಾವಾಗ್ ಬತ್ತೀಯಾ?"

"ಯಾಕ್ ಬರ್ಲಿ? ನಾನಿಲ್ಲಿ ಚೆನ್ನಾಗಿವ್ನಿ. ನಂಗೇನೂ ಕಮ್ಮಿ ಇಲ್ಲ," ಅಂದಳು ಅಂಕಮ್ಮ.

ನಿಂಗಯ್ಯ ಫೋನು ಜಗಲಿ ಮೇಲೆ ಬಿಸಾಕಿದ. ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದ. "ಲೇ ಕೆಂಪ, ಬೈಕ್ ತಗಿಯಲಾ! ಅವಳ್ಗೂ ಅದೇ ಬಂದ್ಬುಟ್ಟದೆ!"

ಅಂಕಮ್ಮ ಹೋದದ್ದು ಬುಧವಾರ. ಕೆಂಪಸಿದ್ದಯ್ಯನ ಸೊಂಟಕ್ಕೆ ಟವೆಲ್ಲಿನಲ್ಲಿ ಬಿಗಿಸಿಕೊಂಡು ನಿಂಗಯ್ಯ ಮಳವಳ್ಳಿಗೆ ಹೊರಟದ್ದು ಶನಿವಾರ.