ಒಂದೇ ಶಿಖರ ಕಂಡ ಯಂತ್ರಕ್ಕೆ, ಶೇಂಗಾ ಚಟ್ನಿಯ ಪರವಾಗಿ

ಸೋಲಾಪುರದ ಖಾಸಗಿ ಔಷಧ ಪರೀಕ್ಷಾಲಯದ ತಂಪು ಕೋಣೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಕ್ರೊಮ್ಯಾಟೋಗ್ರಫಿ ಯಂತ್ರ ಮಹಾಶಯರೇ,

ನವಿ ಪೇಠದ ಅರಿವೆ ವ್ಯಾಪಾರಿ ಮಲಕಾಜಪ್ಪನ ಶರಣು ಶರಣಾರ್ಥಿ. ತಮ್ಮಂಥ ಸಮದರ್ಶಿಗಳು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ನನ್ನ ಹೆಂಡತಿ ರತ್ನಾಬಾಯಿಯ ರಕ್ತದೊತ್ತಡ ದಿನವೂ ಗುಳಿಗೆ ನುಂಗಿದರೂ ಇಳಿಯದಿದ್ದಾಗ, ಗುಳಿಗೆಯ ಮೇಲೆಯೇ ಸಂಶಯ ಬಂದು ಅದನ್ನು ತಮ್ಮ ಸನ್ನಿಧಿಗೆ ಒಪ್ಪಿಸಿದೆ. ಬೆರೆತದ್ದನ್ನು ಬೇರ್ಪಡಿಸಿ ಒಂದೊಂದು ಪದಾರ್ಥಕ್ಕೂ ಒಂದೊಂದು ಶಿಖರ ಬರೆಯುವುದು ತಮ್ಮ ಕಸುಬಂತೆ. ತಾವು ಕಾಗದದ ಮೇಲೆ ಗೋಪುರದಂಥ ಒಂದೇ ಶಿಖರ ಬಿಡಿಸಿ, ಔಷಧ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇದೆಯೆಂದು ಅಪ್ಪಣೆ ಕೊಡಿಸಿದಿರಿ. ಗುಳಿಗೆ ನಿರ್ದೋಷಿಯಾದ ಮೇಲೆ ಅಪರಾಧಿ ಯಾರಾದರೂ ಬೇಕಲ್ಲ. ಡಾಕ್ಟರರು ಉಪ್ಪಿನ ನೆಪದಲ್ಲಿ ಆಕೆಯ ಶೇಂಗಾ ಚಟ್ನಿಯನ್ನು ಹಿಡಿದರು. ನಾಲ್ಕು ತಿಂಗಳು ನಮ್ಮ ತಾಟಿನಲ್ಲಿ ಕಡಕ್ ರೊಟ್ಟಿ ಒಂಟಿಯಾಗಿ ಕೂತಿತು. ಒತ್ತಡ ಮಾತ್ರ ಏರುತ್ತಲೇ ಹೋಗಿ, ಒಂದು ಬೆಳಿಗ್ಗೆ ಆಕೆ ದೇವರ ಮನೆಯಲ್ಲಿ ಕಣ್ಣುಕತ್ತಲಿಟ್ಟು ಕುಸಿದಳು.

ಮತ್ತೆ ತಮ್ಮ ಬಾಗಿಲಿಗೆ ಬಂದೆ. ಅಲ್ಲಿನ ಕೆಮಿಸ್ಟ್ ಮಯೂರಿ ನನ್ನ ಗೋಳು ಕೇಳಿ, ಒಳ್ಳೆಯ ಗುಳಿಗೆಯೊಂದನ್ನು ಬೇಕೆಂದೇ ಕಾಸಿ ಕೆಡಿಸಿ ತಮಗೆ ಅರ್ಪಿಸಿದಳು. ಅದಕ್ಕೂ ಅದೇ ಶಿಖರ, ಅದೇ ತೊಂಬತ್ತೊಂಬತ್ತು! ಔಷಧವೂ ಅದು ಕೆಟ್ಟು ಹುಟ್ಟಿದ ಪದಾರ್ಥವೂ ತಮ್ಮ ಹೊಸ್ತಿಲನ್ನು ಒಂದೇ ಗಳಿಗೆಗೆ ದಾಟಿದರೆ, ತಾವು ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದು ಗೌರವಿಸುತ್ತೀರಂತೆ. ಈ ಪರೀಕ್ಷೆಯನ್ನು ಮೊದಲೇ ಏಕೆ ಮಾಡಲಿಲ್ಲವೆಂದು ಕೇಳಿದ್ದಕ್ಕೆ, "ಸಾಹೇಬ್ರು ಟಾಯಿಮ್ ಇಲ್ಲ ಅಂದ್ರು ಕಾಕಾ, ಯಂತ್ರ ಹೊಸಾದು ಐತಿ, ಸುಳ್ಳ್ಯಾಕ ಹೇಳತೈತಿ ಅಂದ್ರು" ಎಂದಳು. ಆಕೆ ಪರೀಕ್ಷೆಯ ವಿಧಾನ ಬದಲಿಸಿದಾಗ ಶಿಖರ ಎರಡಾಯಿತು. ರತ್ನಾಬಾಯಿಯ ಗುಳಿಗೆಯಲ್ಲಿ ಉಳಿದಿದ್ದ ಔಷಧ ಅರವತ್ತು ಪಾಲು.

ನನ್ನ ಅತ್ತೆ ಗುರುಲಿಂಗಮ್ಮನವರು ಸಾಲಿ ಮೆಟ್ಟಿಲು ಹತ್ತಿದವರಲ್ಲ. ಆದರೂ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮಂದ್ರೂಪ ಊರಿನ ಹಿಟ್ಟಿನ ಗಿರಣಿಯ ಮುಂದೆ ಅವರು ಗಿರಣಿಯವನನ್ನು ಗದರಿದ್ದು ನನಗಿನ್ನೂ ನೆನಪಿದೆ: "ಮೊದಲ ಖಾಲಿ ಗಿರಣಿ ತಿರುವೋ ಸಿದ್ದೇಶ್ವರ, ಹಿಂದಿನಾಕಿ ಗೋದಿ ನನ್ನ ಜ್ವಾಳದಾಗ ಬ್ಯಾಡ!" ಖಾಲಿ ಕಲ್ಲಿನಿಂದ ಏನು ಉದುರುತ್ತದೆಂದು ನೋಡದೆ ಅವರು ಹಿಟ್ಟನ್ನು ನಂಬಿದವರಲ್ಲ.

ಆದ್ದರಿಂದ ತಾವು ದಯಮಾಡಿ ಹಳೆಯ ವರದಿಯನ್ನು ಹಿಂಪಡೆಯಬೇಕು. ಡಾಕ್ಟರರು ಇಂದಿಗೂ ಅದನ್ನೇ ತೋರಿಸಿ ಚಟ್ನಿಯ ನಿಷೇಧ ಮುಂದುವರಿಸಿದ್ದಾರೆ, ಅದೇ ಗುಳಿಗೆ ಇನ್ನೆಷ್ಟು ಮನೆಗಳಲ್ಲಿದೆಯೋ ತಿಳಿಯದು. ಬಿಡುವಾದರೆ ತಾವೇ ನಮ್ಮ ಮನೆಗೆ ಬಂದು, ನಾಲ್ಕು ತಿಂಗಳು ಬರೀ ರೊಟ್ಟಿ ಅಗಿದು, ರತ್ನಾಬಾಯಿಯ ಕ್ಷಮೆ ಕೇಳಬೇಕು.

ಒಂದೇ ಶಿಖರವನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ
ಮಲಕಾಜಪ್ಪ

ತಾ.ಕ.: ಜೊತೆಗಿರುವ ಡಬ್ಬಿಯಲ್ಲಿ ರತ್ನಾಬಾಯಿ ತಾನೇ ಕುಟ್ಟಿದ ಚಟ್ನಿ ಇದೆ. ಶೇಂಗಾ, ಬೆಳ್ಳುಳ್ಳಿ, ಖಾರಪುಡಿ, ಜೀರಿಗೆ, ಉಪ್ಪು, ಒಟ್ಟು ಐದು. ಪರೀಕ್ಷಿಸಿ ಹೇಳಿ. ಇದರಲ್ಲೂ ತಮಗೆ ಒಂದೇ ಕಂಡರೆ, ಆಕೆ ಒನಕೆ ಸಮೇತ ಬರುತ್ತಾಳಂತೆ.