ಇಪ್ಪತ್ತೊಂದನೇ ಸದಸ್ಯ

ಹಳೆಯ ಬೀಗಗಳ ಹವ್ಯಾಸಿ ಸಂಗ್ರಹಕಾರರ ಸಂಘದಲ್ಲಿ ಒಟ್ಟು ಇಪ್ಪತ್ತೊಂದು ಸದಸ್ಯರಿದ್ದಾರೆ. ಅವರಲ್ಲಿ ಇಪ್ಪತ್ತು ಮಂದಿ ಮನುಷ್ಯರು.

ಇಪ್ಪತ್ತೊಂದನೆಯವರು ಒಂದು ಬೀಗ. ಇದರಲ್ಲಿ ಹುಬ್ಬೇರಿಸುವಂಥದ್ದೇನೂ ಇಲ್ಲ. ಸಂಘದ ಸಭೆ ನಡೆಯುವ ಸಭಾಂಗಣದವರು, ಇಪ್ಪತ್ತೊಂದಕ್ಕಿಂತ ಕಡಿಮೆ ಸದಸ್ಯರಿರುವ ಸಂಘಗಳಿಗೆ ಭಾನುವಾರ ಜಾಗ ಕೊಡತಕ್ಕದ್ದಲ್ಲ ಎಂದು ನಿಯಮ ಮಾಡಿದರು. ಒಬ್ಬರು ಕಡಿಮೆ ಬಿದ್ದರು. ಊರೆಲ್ಲ ಹುಡುಕಿದರೂ ಬೀಗದ ಮೇಲೆ ಪ್ರೀತಿ ಇರುವ ಇನ್ನೊಬ್ಬ ಮನುಷ್ಯ ಸಿಗಲಿಲ್ಲ. ಕಡೆಗೆ ಸಂಘದ ಬೀರುವಿನೊಳಗೇ ಒಬ್ಬರು ಸಿಕ್ಕರು. ನೂರಾ ಮೂವತ್ತು ವರ್ಷ ವಯಸ್ಸಿನ, ಎರಡೂ ಕೈಯಲ್ಲಿ ಎತ್ತಬೇಕಾದ ಕಬ್ಬಿಣದ ಬೀಗ. ಎಲ್ಲರೂ ಅದನ್ನು ಹಿರಿಯ ಬೀಗ ಎಂದೇ ಕರೆಯುತ್ತಿದ್ದರು. ಅರ್ಜಿ ತುಂಬಲಾಯಿತು. ಹೆಸರು: ಹಿರಿಯ ಬೀಗ. ಉದ್ಯೋಗ: ಕಾವಲು. ಹವ್ಯಾಸ: ಬೀಗ. ಅಂದಿನಿಂದ ಇಂದಿನವರೆಗೆ ಇಪ್ಪತ್ತೊಂದನೆಯವರು ಒಂದು ಸಭೆಯನ್ನೂ ತಪ್ಪಿಸಿಲ್ಲ. ಯಾರ ಮಾತಿಗೂ ಅಡ್ಡಬಾಯಿ ಹಾಕಿಲ್ಲ. ಮಿಕ್ಕ ಇಪ್ಪತ್ತು ಮಂದಿಯ ಬಗ್ಗೆ ಹೀಗೆ ಬರೆಯಲು ಬರುವುದಿಲ್ಲ.

ಆ ಇಪ್ಪತ್ತರಲ್ಲಿ ತಾತ ಒಬ್ಬ. ಹತ್ತೊಂಬತ್ತು ಮಂದಿ ಬೀಗ ಕೂಡಿಡುವವರು, ಒರೆಸುವವರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು. ತಾತ ಮಾತ್ರ ನಲವತ್ತು ವರ್ಷ ಬೀದಿ ಮೂಲೆಯ ಅಂಗಡಿಯಲ್ಲಿ ಬೀಗ ರಿಪೇರಿ ಮಾಡಿ ಬೆರಳು ಕಪ್ಪು ಮಾಡಿಕೊಂಡವನು. ಮಾತು ಕಡಿಮೆ. ಯಾರು ಏನು ಕೇಳಿದರೂ ‘ಹೂಂ’ ಅನ್ನುವನು. ಬಹಳ ಬೇಜಾರಾದರೆ ಅದನ್ನೂ ಅನ್ನುವುದಿಲ್ಲ.

ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಬೀಗಗಳ ಬಗ್ಗೆ ರಸಪ್ರಶ್ನೆ ಸ್ಪರ್ಧೆ. ಗೆದ್ದವರಿಗೆ ಹಿತ್ತಾಳೆಯ ಕಪ್. ತಾತ ಹನ್ನೊಂದು ವರ್ಷ ಸ್ಪರ್ಧಿಸಿ ಹನ್ನೊಂದು ವರ್ಷವೂ ಸೋತಿದ್ದ. ಉತ್ತರ ಗೊತ್ತಿಲ್ಲದೆ ಅಲ್ಲ. ಬಾಯಿ ತೆರೆಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಿದ್ದರು.

ಈ ವರ್ಷ ಆ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ತಾತ ಹೆಂಡತಿಗೆ, “ಇವತ್ತು ಕಪ್ ತರ್ತೀನಿ” ಅಂದ.

ಅಜ್ಜಿ ಗಾಬರಿಯಾದಳು. ಆ ಬಾಯಿಂದ ಒಂದೇ ಸಲಕ್ಕೆ ಮೂರು ಪದ ಬಂದು ಎಷ್ಟೋ ಕಾಲವಾಗಿತ್ತು. “ನಿಜವಾಗ್ಲೂನಾ ರೀ? ಹಾಗಾದ್ರೆ ನಾನೂ ಬರ್ತೀನಿ. ನಿಮ್ಮನ್ನ ನಂಬಿ ಆಚೆಮನೆಯವಳಿಗೆ ಬೇರೆ ಹೇಳ್ತೀನಿ” ಎಂದು ಹೋಗಿ ಹೇಳಿಯೂ ಬಂದಳು. ಆಚೆಮನೆಯವಳಿಗೆ ಹೇಳಿದ ಮೇಲೆ ಹಿಂದೆ ಸರಿಯುವ ದಾರಿ ಯಾವ ಗಂಡಸಿಗೂ ಇಲ್ಲ.

ತಾತನ ಧೈರ್ಯಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಉತ್ತರದ ವಿಚಾರದಲ್ಲಿ ಎರಡು ಕುರ್ಚಿ ಮುರಿದಿದ್ದವು. ಆದ್ದರಿಂದ ಈ ಬಾರಿ ಸ್ಪರ್ಧೆಯ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಲಾಯಿತು. ಸಮಿತಿಯವರಿಗೆ ರಿಬ್ಬನ್ ಕಟ್ಟಿದ ಬಿಲ್ಲೆ ಮತ್ತು ವೇದಿಕೆಯ ಮೇಲೆ ಕೈ ಇರುವ ಕುರ್ಚಿ ಎಂದು ತಿಳಿದದ್ದೇ ತಡ, ಎಲ್ಲರಿಗೂ ಸೇವಾ ಮನೋಭಾವ ಉಕ್ಕಿತು. ಮುಖ್ಯ ತೀರ್ಪುಗಾರರು, ಉಪ ತೀರ್ಪುಗಾರರು, ತೀರ್ಪುಗಾರರ ಮೇಲಿನ ತೀರ್ಪುಗಾರರು, ಗಂಟೆ ಬಾರಿಸುವವರು, ಗಂಟೆ ಬಾರಿಸಲು ಹೇಳುವವರು, ಬಲೂನು ಉಸ್ತುವಾರಿ, ಒಡೆದ ಬಲೂನು ಉಸ್ತುವಾರಿ, ಹೀಗೆ ಹತ್ತೊಂಬತ್ತು ಹುದ್ದೆಗಳಾದವು. ತಾತನಿಗೂ ಗಂಟೆಯ ಉಪರಕ್ಷಕ ಎಂಬ ಹುದ್ದೆ ಕೊಡಲು ಬಂದರು. ತಾತ ಹೂಂ ಅನ್ನಲಿಲ್ಲ. ಹುದ್ದೆಯಲ್ಲಿರುವವರು ಸ್ಪರ್ಧಿಸುವಂತಿಲ್ಲ ಎಂಬ ನಿಯಮವನ್ನು ಅವನೊಬ್ಬನೇ ಓದಿದ್ದ.

ಹಾಗಾಗಿ ವಾರ್ಷಿಕೋತ್ಸವದ ದಿನ ಬಣ್ಣದ ಕಾಗದ ಕಟ್ಟಿದ ವೇದಿಕೆಯ ಮೇಲೆ ಹತ್ತೊಂಬತ್ತು ಮಂದಿ ಚೂಪು ಟೋಪಿ ಹಾಕಿಕೊಂಡು ಸ್ಪರ್ಧೆ ನಡೆಸಲು ಕೂತರು. ಕೆಳಗೆ ಸ್ಪರ್ಧಿಗಳ ಮೇಜಿನ ಹಿಂದೆ ತಾತ ಒಬ್ಬನೇ ಕೂತ. ಅವನ ಹಿಂದೆ ಮನೆಯವರು, ಮಕ್ಕಳು, ನೆಂಟರು.

ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಅವರು ಕೆಳಗೆ ನೋಡಿ, “ಸ್ಪರ್ಧಿಗಳೆಲ್ಲ ಬಂದ್ರಾ?” ಎಂದರು.

ಕಾರ್ಯದರ್ಶಿ ಎಣಿಸಿದ. ಈತ ತಾತನ ಹೆಂಡತಿಯ ತಮ್ಮ. “ಬಂದಿದಾರೆ ಸಾರ್. ಒಬ್ಬರು.”

“ಇನ್ನೊಬ್ಬರು?”

“ಇನ್ನೊಬ್ಬರು ಇಲ್ಲ ಸಾರ್.”

“ಕನಿಷ್ಠ ಇಬ್ಬರು ಇರಲೇಬೇಕು. ನಿಯಮ ಎಂಟು. ಯಾರಾದ್ರೂ ಹುದ್ದೆ ಬಿಟ್ಟು ಕೆಳಗೆ ಬನ್ನಿ.”

ಹತ್ತೊಂಬತ್ತು ಮಂದಿಯೂ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಡೆದ ಬಲೂನು ಉಸ್ತುವಾರಿಯಂತೂ, “ಈ ಹೊತ್ತಲ್ಲಿ ಜವಾಬ್ದಾರಿ ಬಿಟ್ಟು ಹೋದ್ರೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ” ಎಂದರು. ಆಗಿನ್ನೂ ಒಂದು ಬಲೂನೂ ಒಡೆದಿರಲಿಲ್ಲ.

ಕಾರ್ಯದರ್ಶಿ ಸದಸ್ಯರ ಪಟ್ಟಿ ತಿರುವಿದ. ಹುದ್ದೆ ಇಲ್ಲದ ಸದಸ್ಯರು ಇಬ್ಬರೇ. ಒಬ್ಬ ತಾತ. ಇನ್ನೊಬ್ಬರು ಇಪ್ಪತ್ತೊಂದನೆಯವರು. ಅವರೂ ಸಭಾಂಗಣದಲ್ಲೇ ಹಾಜರಿದ್ದರು. ಹಿಂದಿನ ದಿನದಿಂದ ಪ್ರಶ್ನೆಪತ್ರಿಕೆಯ ಪೆಟ್ಟಿಗೆಗೆ ಬಿದ್ದಿದ್ದರು.

“ಅವರ ಒಪ್ಪಿಗೆ ಕೇಳಿದ್ರಾ?” ಎಂದರು ಅಧ್ಯಕ್ಷರು.

“ಕೇಳಿದೆ ಸಾರ್. ಬೇಡ ಅನ್ನಲಿಲ್ಲ.”

ಒಬ್ಬರು ಆಕ್ಷೇಪ ಎತ್ತಿದರು. ಸ್ಪರ್ಧಿಯೊಬ್ಬರು ಇಡೀ ದಿನ ಪ್ರಶ್ನೆಪತ್ರಿಕೆಯ ಪೆಟ್ಟಿಗೆಯ ಜೊತೆಗೇ ಇದ್ದದ್ದು ಸರಿಯೇ? ತೀರ್ಪುಗಾರರು ಐದು ನಿಮಿಷ ಪಿಸುಗುಟ್ಟಿ ತೀರ್ಪು ಕೊಟ್ಟರು: ಸದರಿ ಸ್ಪರ್ಧಿಯು ಪೆಟ್ಟಿಗೆಯ ಹೊರಗಿದ್ದರೇ ವಿನಾ ಒಳಗಿರಲಿಲ್ಲ; ಆದ್ದರಿಂದ ಪ್ರಶ್ನೆಗಳನ್ನು ನೋಡಿಲ್ಲ.

ತಾತ ಮನಸ್ಸಿನಲ್ಲೇ ನಕ್ಕ. ಬೀಗದ ಎದುರು ಸೋಲುವುದಕ್ಕೆ ತನಗೇನು ಹುಚ್ಚೇ? ಕಪ್ ಮನೆಯ ಕಪಾಟಿನಲ್ಲಿ ಕೂತಂತೆಯೇ ಕಂಡಿತು.

ಪೆಟ್ಟಿಗೆ ತೆರೆಯಲು ಬೀಗದ ಕೈ ಕೇಳಿದರು. ಕಾರ್ಯದರ್ಶಿ ಒಂದು ಚೀಟಿ ತೆಗೆದು ಓದಿದ. “ಗೌಪ್ಯ ವಸ್ತುಗಳು. ಒಂದು, ಪ್ರಶ್ನೆಪತ್ರಿಕೆ. ಎರಡು, ಉತ್ತರಪತ್ರಿಕೆ. ಮೂರು, ಪೆಟ್ಟಿಗೆಯ ಬೀಗದ ಕೈ. ಸದರಿ ಗೌಪ್ಯ ವಸ್ತುಗಳನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಒತ್ತತಕ್ಕದ್ದು.”

“ಒತ್ತಿದ್ರಾ?”

“ಅಕ್ಷರಶಃ ಒತ್ತಿದೀನಿ ಸಾರ್.”

ಹತ್ತೊಂಬತ್ತು ಮಂದಿ ಪೆಟ್ಟಿಗೆಯ ಸುತ್ತ ನೆರೆದರು. ಎಲ್ಲರ ಮನೆಯಲ್ಲೂ ನೂರಾರು ಬೀಗ. ಒಬ್ಬರಿಗೂ ಒಂದನ್ನು ತೆರೆಯಲು ಬಾರದು. ಅದಕ್ಕಾಗಿ ಯಾರೂ ನಾಚಲಿಲ್ಲ. ಬದಲಿಗೆ, “ನೋಡಿ, ಹೇಗೆ ಹಿಡ್ಕೊಂಡಿದೆ!” “ಆಗಿನ ಕಾಲದ ಕೆಲಸ ಅಂದ್ರೆ ಇದು!” ಎಂದು ಇಪ್ಪತ್ತು ನಿಮಿಷ ಹೆಮ್ಮೆಪಟ್ಟರು. ಆಮೇಲೆ ಎಲ್ಲರೂ ತಾತನ ಕಡೆ ತಿರುಗಿದರು.

“ಭಾವ, ನೀವೇ ಸ್ವಲ್ಪ ಕೈ ಹಾಕಿ” ಎಂದ ಕಾರ್ಯದರ್ಶಿ.

ತಾತ ಜೇಬಿನಿಂದ ಎರಡು ತಂತಿ ತೆಗೆದ. ಅವು ಯಾವತ್ತೂ ಅವನ ಜೇಬಿನಲ್ಲೇ ಇರುತ್ತವೆ. ಕಣ್ಣು ಮುಚ್ಚಿದ. ಬೀಗದೊಳಗೆ ಒಂದರ ಮೇಲೊಂದು ಇರುವ ತಗಡುಗಳಿಗೆ ಲಿವರ್ ಅನ್ನುತ್ತಾರೆ. ಬೀಗದ ಕೈ ಅವನ್ನೆಲ್ಲ ಸರಿಯಾಗಿ ಎತ್ತಿದರೆ ಮಾತ್ರ ಬೀಗ ಬಿಡುತ್ತದೆ. ತಾತ ಒಂದೊಂದನ್ನೇ ತಂತಿಯಿಂದ ಎತ್ತುತ್ತ ಹೋದ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಕೊಂಡಿ ಟಕ್ಕೆಂದು ಬಿಟ್ಟಿತು. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಂತ ಮೇಲೆ ಉಪ ತೀರ್ಪುಗಾರರು ಎದ್ದು ಪ್ರಕಟಿಸಿದರು: “ಸ್ಪರ್ಧಿಯೊಬ್ಬರು ಪ್ರಶ್ನೆಪತ್ರಿಕೆಯ ಪೆಟ್ಟಿಗೆಗೆ ಕೈ ಹಾಕಿದ ಕಾರಣ, ಎರಡು ಅಂಕ ಕಡಿತ.”

ತಾತ ಭಾಮೈದನ ಮುಖ ನೋಡಿದ. ಭಾಮೈದ ಬಲೂನು ನೋಡಿದ.

ಆಮೇಲೆ ನಿಯಮಗಳನ್ನು ಓದಲಾಯಿತು. ಐದು ಪ್ರಶ್ನೆ. ಸರಿ ಉತ್ತರಕ್ಕೆ ಎರಡು ಅಂಕ. ತಪ್ಪು ಉತ್ತರಕ್ಕೆ ಎರಡು ಕಡಿತ. ಉತ್ತರ ಹೇಳದಿದ್ದರೆ ಸೊನ್ನೆ. ಇದು ಸಂಭ್ರಮದ ಸಂದರ್ಭವಾದ್ದರಿಂದ ಸ್ಪರ್ಧಿಗಳು ಕಡ್ಡಾಯವಾಗಿ ಉಲ್ಲಾಸದಿಂದಿರತಕ್ಕದ್ದು. ಉಲ್ಲಾಸ ಕಂಡುಬರದಿದ್ದಲ್ಲಿ ಪ್ರತಿ ಪ್ರಶ್ನೆಗೆ ಒಂದು ಅಂಕ ಕಡಿತ. ಇದನ್ನು ನೋಡಿಕೊಳ್ಳಲು ಉಲ್ಲಾಸ ವೀಕ್ಷಕಿ ಎಂಬ ಹುದ್ದೆ ಇತ್ತು. ಆಕೆ ಪರೀಕ್ಷಾ ಕೇಂದ್ರಗಳಲ್ಲಿ ಮೂವತ್ತು ವರ್ಷ ನಕಲು ಹಿಡಿದವರು. ಕನ್ನಡಕ ಏರಿಸಿ ಮೊದಲು ಬೀಗವನ್ನು ಪರಿಶೀಲಿಸಿದರು. ಅದನ್ನು ತಲೆಕೆಳಗು ಮಾಡಿ ಮೇಜಿನಂಚಿಗೆ ಆನಿಸಿಟ್ಟಿದ್ದರು. ಕೊಂಡಿ ಕೆಳಗೆ ಬಾಗಿ ನಗುವಿನ ಆಕಾರದಲ್ಲಿತ್ತು. “ಉಲ್ಲಾಸ ತೃಪ್ತಿಕರ” ಎಂದು ಬರೆದುಕೊಂಡರು. ಆಮೇಲೆ ತಾತನನ್ನು ನೋಡಿದರು. ಪೆನ್ಸಿಲ್ ಚೂಪು ಮಾಡಿಕೊಂಡರು.

ಮೊದಲ ಪ್ರಶ್ನೆ: “ಧೂಳು ಹಿಡಿಯದೆ ಬೀಗ ಸಲೀಸಾಗಿ ತಿರುಗಲು ಒಳಗೆ ಏನು ಹಾಕಬೇಕು?”

“ಪೆನ್ಸಿಲ್ ಸೀಸದ ಪುಡಿ” ಎಂದ ತಾತ. ಸರಿ. ಎರಡು ಅಂಕ.

ಹಿಂದಿನಿಂದ ಅಜ್ಜಿ, “ರೀ, ನಗ್ರಿ!” ಎಂದು ಪಿಸುಗುಟ್ಟಿದಳು. ತಾತ ಪ್ರಯತ್ನಪಟ್ಟ. ಕೆನ್ನೆ ಒಂದು ಕಡೆಗೆ ಹೋಯಿತು, ಹುಬ್ಬು ಇನ್ನೊಂದು ಕಡೆಗೆ. ಅಧ್ಯಕ್ಷರು ಮುಂದೆ ಬಾಗಿ, “ಯಾವ ಹಲ್ಲು? ದವಡೆಯದಾ?” ಎಂದು ಕಾಳಜಿಯಿಂದ ಕೇಳಿದರು. ಒಂದು ಅಂಕ ಕಡಿತ.

ಅದೇ ಪ್ರಶ್ನೆಯನ್ನು ಇಪ್ಪತ್ತೊಂದನೆಯವರಿಗೆ ಕೇಳಿದರು. ನಿಯಮದಂತೆ ಮೂವತ್ತು ಸೆಕೆಂಡು ಕಾದರು. ಗಂಟೆ ಬಾರಿಸಲು ಹೇಳುವವರು ಹೇಳಿದರು, ಬಾರಿಸುವವರು ಬಾರಿಸಿದರು. ಸೊನ್ನೆ.

ಎರಡನೆಯದು: “ಬೀಗದ ಕೈ ಮುರಿದು ಒಳಗೇ ಉಳಿದರೆ ಮೊದಲು ಏನು ಮಾಡಬೇಕು?”

“ಸುಮ್ಮನಿರಬೇಕು.”

ಉತ್ತರಪತ್ರಿಕೆಯಲ್ಲಿ ‘ಗಾಬರಿಯಾಗಬಾರದು’ ಎಂದಿತ್ತು. ಚರ್ಚೆಯಾಗಿ ಒಪ್ಪಿದರು. ಮೂರೂ ನಾಲ್ಕೂ ಸರಿ. ಪ್ರತಿ ಉತ್ತರದ ಹಿಂದೆಯೂ ತಾತನ ಮುಖ ಬಂಡೆಯಂತೆ, ಉಲ್ಲಾಸ ವೀಕ್ಷಕಿಯ ಪೆನ್ಸಿಲ್ ಗೀರುವ ಸದ್ದು. ನಾಲ್ಕು ಪ್ರಶ್ನೆ ಮುಗಿದಾಗ ತಾತನ ಉತ್ತರಕ್ಕೆ ಎಂಟು ಅಂಕ. ಪೆಟ್ಟಿಗೆಗೆ ಎರಡು ಹೋಯಿತು, ಮುಖಕ್ಕೆ ನಾಲ್ಕು. ಉಳಿದದ್ದು ಎರಡು. ಬೀಗದ ಅಂಕ ಸೊನ್ನೆ.

ಕೊನೆಯ ಪ್ರಶ್ನೆಯನ್ನು ಅಧ್ಯಕ್ಷರು ಎದ್ದು ನಿಂತು ಓದಿದರು. “ನಮ್ಮ ಹಿರಿಯ ಬೀಗದೊಳಗೆ ಎಷ್ಟು ಲಿವರ್‌ಗಳಿವೆ?”

ಸಂಘದ ಕಿರುಹೊತ್ತಿಗೆಯಲ್ಲಿ ಏಳು ಎಂದು ಅಚ್ಚಾಗಿತ್ತು. ಅದನ್ನು ಬರೆದವನು ಕಾರ್ಯದರ್ಶಿ. ಅದು ತಾತನಿಗೆ ಗೊತ್ತು, ಸಭೆಗೂ ಗೊತ್ತು. ಮಕ್ಕಳೂ ಏಳು ಬೆರಳು ತೋರಿಸುತ್ತಿದ್ದರು.

ಕಾರ್ಯದರ್ಶಿ ನೀರು ಕೊಡುವ ನೆಪದಲ್ಲಿ ಇಳಿದು ಬಂದು ಕಿವಿಯಲ್ಲಿ ಹೇಳಿದ. “ಭಾವ, ಏಳು ಅನ್ನಿ. ಮುಗೀತು.”

“ಆರು ಇರೋದು.”

“ಅಯ್ಯೋ, ಹಾಗಾದ್ರೆ ಏನೂ ಅನ್ಬೇಡಿ. ಸುಮ್ನೆ ಕೂತ್ಕೊಳ್ಳಿ. ಮುಖಕ್ಕೆ ಒಂದು ಹೋದ್ರೂ ಒಂದು ಉಳಿಯುತ್ತೆ. ಕಪ್ ನಿಮ್ದೇ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದವರು, ಇನ್ನು ಮೂವತ್ತು ಸೆಕೆಂಡು ಮುಚ್ಕೊಳ್ಳಕ್ಕೆ ಆಗಲ್ವಾ?”

ಮಾತು ನ್ಯಾಯವಾಗಿತ್ತು. ಸುಮ್ಮನಿರುವುದು ತಾತನಿಗೆ ಕರಗತವಾದ ವಿದ್ಯೆ. ಮಗಳ ಮದುವೆಯಲ್ಲಿ ಸುಮ್ಮನಿದ್ದ. ಅಂಗಡಿ ಮುಚ್ಚಿದ ದಿನ ಸುಮ್ಮನಿದ್ದ. ಹಿಂದೆ ಅಜ್ಜಿ ಉಸಿರು ಬಿಗಿಹಿಡಿದು ಕೂತಿದ್ದಳು. ಆಚೆಮನೆಯವಳು ಮನೆ ಬಾಗಿಲಲ್ಲಿ ಕಾಯುತ್ತಿದ್ದಳು. ಹತ್ತು ಸೆಕೆಂಡು ಕಳೆಯಿತು. ಇಪ್ಪತ್ತು ಕಳೆಯಿತು. ಎದುರಿಗೆ ಬೀಗ. ಅದರ ಆರು ಲಿವರ್‌ಗಳ ನೆನಪು ಬೆರಳ ತುದಿಯಲ್ಲಿ ಇನ್ನೂ ಬಿಸಿಯಾಗಿತ್ತು.

“ಆರು” ಎಂದುಬಿಟ್ಟ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಈಗ ತಾನೆ ಈ ಕೈಯಲ್ಲೇ ಎಣಿಸಿದೀನಿ. ಪುಸ್ತಕ ತಪ್ಪು. ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ, ನನಗೆ ಹೇಳಕ್ಕೆ ಬರ್ತೀರಾ? ಬೀಗ ಬಿಚ್ಚಿ, ತೋರಿಸ್ತೀನಿ!”

ತಾತನ ಧ್ವನಿ ಇಷ್ಟು ದಪ್ಪ ಎಂದು ಎಷ್ಟೋ ಮಂದಿಗೆ ಆಗಲೇ ತಿಳಿದದ್ದು.

ತೀರ್ಪುಗಾರರು, ಅವರ ಮೇಲಿನವರು, ಎಲ್ಲರೂ ತಲೆ ಸೇರಿಸಿದರು. ಅಧ್ಯಕ್ಷರು ಗಂಭೀರವಾಗಿ ಹೇಳಿದರು. “ತಾತ, ನೀವು ಹೇಳೋದು ನಿಜವೇ ಇರಬಹುದು. ಆದ್ರೆ ಸದಸ್ಯರನ್ನ ಬಿಚ್ಚಿ ನೋಡೋ ಅಧಿಕಾರ ಸಂಘಕ್ಕಿಲ್ಲ. ಇವತ್ತು ಅವರನ್ನ ಬಿಚ್ಚಿದ್ರೆ ನಾಳೆ ನಮ್ಮನ್ನ ಬಿಚ್ಚಿ ಅಂತಾರೆ.”

ಇದನ್ನು ಎಲ್ಲರೂ ಒಪ್ಪಿದರು. ಒಳಗೆ ಎಷ್ಟಿದೆ ಎಂದು ಎಣಿಸಿಕೊಳ್ಳಲು ಅಲ್ಲಿ ಯಾರೂ ಸಿದ್ಧರಿರಲಿಲ್ಲ.

ತಪ್ಪು ಉತ್ತರಕ್ಕೆ ಎರಡು ಕಡಿತ. ಸಿಡುಕಿದ್ದರಿಂದ ಉಲ್ಲಾಸಕ್ಕೆ ಒಂದು ಕಡಿತ. ತಾತನ ಒಟ್ಟು ಅಂಕ, ಸೊನ್ನೆಗಿಂತ ಒಂದು ಕಡಿಮೆ. ಇಪ್ಪತ್ತೊಂದನೆಯವರು ಕೊನೆಯ ಪ್ರಶ್ನೆಯನ್ನೂ ಅದೇ ಸಂಯಮದಿಂದ ಎದುರಿಸಿದರು. ತಮ್ಮ ಬಗ್ಗೆಯೇ ಕೇಳಿದ ಪ್ರಶ್ನೆಗೂ ತುಟಿ ಬಿಚ್ಚಲಿಲ್ಲ. ಪ್ರಥಮ ಸ್ಥಾನ.

ಬೀಗದ ಮುಂದೆ ಕಪ್ ಇಟ್ಟರು. ಗೆದ್ದವರು ಎರಡು ನಿಮಿಷ ಮಾತನಾಡುವುದು ಪದ್ಧತಿ. ಮೈಕನ್ನು ಬಗ್ಗಿಸಿ ಬೀಗದ ಹತ್ತಿರ ತಂದರು. ಸಭೆ ಎರಡು ನಿಮಿಷ ಕಿವಿಗೊಟ್ಟು ಕೇಳಿತು. ಗಂಟೆ ಬಾರಿಸಿದ ಮೇಲೆ ಅಧ್ಯಕ್ಷರು ಕಣ್ಣೊರೆಸಿಕೊಂಡು, “ಸಂಘದ ಇತಿಹಾಸದಲ್ಲೇ ಇಷ್ಟು ಅರ್ಥಪೂರ್ಣ ಭಾಷಣ ಕೇಳಿರಲಿಲ್ಲ” ಎಂದರು. ಅದು ಉತ್ಪ್ರೇಕ್ಷೆಯಲ್ಲ. ಹಿಂದಿನ ವರ್ಷ ಮಾತನಾಡಿದವರು ಅವರೇ.

ತಾತನಿಗೆ ದ್ವಿತೀಯ ಸ್ಥಾನದ ಪ್ರಶಸ್ತಿಪತ್ರ ಸಿಕ್ಕಿತು. ಹೊರಗೆ ಬರುವಾಗ ಅಜ್ಜಿ, “ಮನೇಲಿ ಸಾರಿಗೆ ಉಪ್ಪು ಸರಿ ಇದ್ಯಾ ಅಂದ್ರೆ ಬಾಯಿ ಬಿಡಲ್ಲ. ಇಲ್ಲಿ ಬಂದು ಭಾಷಣ!” ಎಂದು ಬೈದಳು. ನಾಲ್ಕು ಹೆಜ್ಜೆ ನಡೆದ ಮೇಲೆ, “ಆದ್ರೂ ಆ ಬೀಗ ಚೆನ್ನಾಗಿ ಆಡ್ತು ಬಿಡಿ. ಗೆಲ್ಲಬೇಕಾದ್ದೇ” ಎಂದಳು.

ಅದು ತಾತನಿಗೂ ಅನ್ನಿಸಿತ್ತು. ಮರುವಾರವೇ ಸಂಘಕ್ಕೆ ಅರ್ಜಿ ಬರೆದ. ಮುಂದಿನ ವರ್ಷದ ಸ್ಪರ್ಧೆಗೆ ಇಬ್ಬರ ತಂಡವಾಗಿ ಹೋಗಲು ಅವಕಾಶವಿದೆ. ತನ್ನನ್ನು ಇಪ್ಪತ್ತೊಂದನೆಯವರ ಜೊತೆ ಸೇರಿಸಬೇಕು. ಕಾರ್ಯದರ್ಶಿ ಅರ್ಜಿಯನ್ನು ಬೀಗದ ಮುಂದೆ ಇಟ್ಟಿದ್ದಾನೆ. ಎಂಟು ತಿಂಗಳಾಯಿತು. ಉತ್ತರ ಬಂದಿಲ್ಲ. ತಾತ ಭಾನುವಾರ ಭಾನುವಾರ ಹೋಗಿ ವಿಚಾರಿಸುತ್ತಾನೆ.

“ಅವರು ಯೋಚನೆ ಮಾಡ್ತಿರಬಹುದು ಭಾವ” ಎನ್ನುತ್ತಾನೆ ಕಾರ್ಯದರ್ಶಿ. “ನೀವು ಸ್ವಲ್ಪ ಬಾಯಿ ಜಾಸ್ತಿ ಅಂತ ಎಲ್ಲ ಕಡೆ ಸುದ್ದಿ ಆಗಿದೆಯಲ್ಲ.”

ತಾತನಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದು ಕುರ್ಚಿ ಎಳೆದುಕೊಂಡು ಬೀಗದ ಪಕ್ಕ ಕೂರುತ್ತಾನೆ, ಸಭೆ ಮುಗಿಯುವವರೆಗೂ ತುಟಿ ಪಿಟಕ್ಕೆನ್ನುವುದಿಲ್ಲ. ಇನ್ನೂ ಕಲಿಯುವುದಿದೆ.