ಸೊನ್ನೆಯ ಎಡಗಡೆಯ ಊಟ

ನಮ್ಮ ದೊಡ್ಡಪ್ಪನಿಗೆ ಹುಚ್ಚು ಹಿಡಿದಿತ್ತೆಂದು ನಾನು ಹೇಳಲಾರೆ. ಹುಚ್ಚಾದರೆ ಯಾವತ್ತಾದರೂ ಬಿಡುತ್ತದೆ. ಇವರಿಗೆ ಹಿಡಿದದ್ದು ಗಣಿತ!

ಬಸ್ರೂರಿನಲ್ಲಿ ಮನೆ, ಕೆಲಸ ಶಾಲಾ ಮಾಸ್ತರಿಕೆ. ಬೆಳಗಿನ ದೋಸೆಯೂ ಪಾಠವೇ. "ಅರ್ಧ, ಮುಕ್ಕಾಲು, ಏಳ್ರಲ್ಲಿ ಮೂರು, ಹೀಂಗೆ ಪಾಲು ಮಾಡಿ ಹೇಳೂಕ್ ಆಪ್ದೆಲ್ಲ ಭಾಗಲಬ್ಧ. ಯಾವ ಪಾಲಿಗೂ ಸಿಕ್ಕದ್ದ್ ಅಭಾಗಲಬ್ಧ." ನಮಗೆ ಸಿಕ್ಕದೆ ಹೋಗುತ್ತಿದ್ದದ್ದು ದೋಸೆ!

ನಲವತ್ತರ ದಶಕದಲ್ಲಿ ಅವರ ಒಬ್ಬಳೇ ಮಗಳಿಗೆ, ನಮ್ಮ ಅಕ್ಕನಿಗೆ, ಮದುವೆ ನಿಶ್ಚಯವಾಯಿತು. ಚಪ್ಪರ ಹಾಕಬೇಕು. ಅಂಗಳ ಇಪ್ಪತ್ತು ಮೊಳ ಉದ್ದ, ಇಪ್ಪತ್ತು ಮೊಳ ಅಗಲ. ಮೂಲೆಯಿಂದ ಎದುರು ಮೂಲೆಗೆ ಹಗ್ಗ ಎಷ್ಟು ಬೇಕು? ಇಪ್ಪತ್ತೆಂಟು ಮೊಳ, ಮೇಲೊಂದು ಚೂರು. ಆ ಚೂರು ಗೇಣಿನಲ್ಲಿ ಮುಗಿಯಲಿಲ್ಲ, ಅಂಗುಲದಲ್ಲಿ ಮುಗಿಯಲಿಲ್ಲ, ಅಕ್ಕಿಕಾಳಿಗಿಳಿದರೂ ಮುಗಿಯಲಿಲ್ಲ. ಅದು ಮುಗಿಯುವಂಥದ್ದಲ್ಲವೆಂದು ಅವರಿಗೇ ಗೊತ್ತು, ಆದರೂ ಚಪಲ!

"ಹ್ವಾಯ್, ಮದಿ ನಾಳೆ! ಹಗ್ಗ ಎಳ್ದ್ ಕಟ್ಟಿ, ಸಾಕ್!" ಎಂದು ದೊಡ್ಡಮ್ಮ ಕೂಗಿದರು.

"ಕಟ್ಟೂದ್ ಕಟ್ತೆ. ಅಳತಿ ಸರಿ ಅಂದೇಳಿ ಮಾತ್ರ ಹೇಳ್ಬೇಡ!"

ಮರುದಿನ ಧಾರೆ ಮುಗಿದು ಊಟದ ಹೊತ್ತು. ಬಡಿಸುವವರಿಗೆ ಗೊಂದಲವಾಗಬಾರದೆಂದು ದೊಡ್ಡಪ್ಪ ಮಣೆಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಿದ್ದರು. ನಡುವಿನ ದೀಪ ಸೊನ್ನೆ. ಬಲಗಡೆ ಒಂದು, ಎರಡು, ಮೂರು. ಎಡಗಡೆ ಅವೇ, ಹಿಂದೊಂದು ಅಡ್ಡಗೆರೆ! ಗಂಡಿನ ಸೋದರಮಾವ ಕುಳಿತದ್ದು ಎಡಗಡೆಯ ನಾಲ್ಕನೆಯ ಮಣೆಯ ಮೇಲೆ.

"ಇದೆಂತ ಗೆರಿ ಮಾಸ್ತ್ರೇ?"

"ಋಣ ನಾಲ್ಕು. ಸೊನ್ನೆಕಿಂತ ಕಡ್ಮಿ."

"ಗಂಡಿನ್ ಸೋದರಮಾವ ಸೊನ್ನೆಕಿಂತ ಕಡ್ಮಿಯಾ?" ಎಂದು ಅವರು ಎದ್ದೇಬಿಟ್ಟರು. ಅವರ ಹಿಂದೆ ದಿಬ್ಬಣವಿಡೀ ಎದ್ದಿತು. "ಹೆಣ್ಣು ನಿಮ್ಮನೆಯಲ್ಲೇ ಇರ್ಲಿ. ನಾವ್ ಹೊರ್ಟ್ವಿ!"

"ಕೂಕಣಿ ಮಾರಾಯ್ರೇ!" ಎಂದು ದೊಡ್ಡಪ್ಪ ಕೂರಿಸಲು ನೋಡಿದರು. "ದೀಪದಿಂದ ಆಚಿ ನಾಲ್ಕೂ ಈಚಿ ನಾಲ್ಕೂ ಒಂದೇ ದೂರ!"

ಗಣಿತ ಸರಿಯೇ. ಹಸಿದ ಬೀಗರಿಗೆ ಗಣಿತವೆ?

ಅಷ್ಟರಲ್ಲಿ ದೊಡ್ಡಪ್ಪನ ಕಣ್ಣು ಬಾಗಿಲ ಮರೆಯಲ್ಲಿ ಬಿಳಿಚಿ ನಿಂತಿದ್ದ ಅಕ್ಕನ ಮೇಲೆ ಬಿತ್ತು. ಕರಿಹಲಗೆಯ ಮೇಲೆ ಬರೆದ ಸಂಖ್ಯೆಯನ್ನೂ ಅಳಿಸಲು ಬಿಡದ ಮನುಷ್ಯ ನೆಲಕ್ಕೆ ಮಂಡಿಯೂರಿ, ಹೊಸ ಶಾಲಿನಿಂದ ಮಣೆ ಒರೆಸತೊಡಗಿದರು. ಎಡಗಡೆಯದು ಮುಗಿಸಿ, ಯಾರೂ ಕೇಳದಿದ್ದರೂ ಬಲಗಡೆಯದನ್ನೂ.

ಗಂಡಿನ ಸೋದರಮಾವ ಕೊನೆಗೆ ಅವರ ತೋಳು ಹಿಡಿದೆತ್ತಿದರು. "ಏಳಿ ಮಾಸ್ತ್ರೇ, ಸಾಕ್. ಉಂಬ."

ಸಂಜೆ ದಿಬ್ಬಣದ ದೋಣಿ ಹೊಳೆಯಾಚೆಯ ಗುಲ್ವಾಡಿಗೆ ಹೊರಟು ನಿಂತಿತು. ಆ ಹೊಳೆಯ ಅಗಲವನ್ನು ದೊಡ್ಡಪ್ಪ ಹಗ್ಗ ಹಾಕಿ ಎರಡು ಸಲ ಅಳೆದವರು. ಅಕ್ಕ ಅಳುತ್ತಲೇ ನಗಲು ನೋಡಿದಳು. "ಅಪ್ಪಯ್ಯಾ, ಆಚಿ ದಡ ಎಷ್ಟ್ ದೂರ, ಹೇಳಿ ಕಾಂಬ?"

ದೊಡ್ಡಪ್ಪ ಮೊಣಕಾಲುದ್ದ ನೀರಿನಲ್ಲಿ ದೋಣಿಯ ಅಂಚು ಹಿಡಿದೇ ನಿಂತಿದ್ದರು.

"ಇವತ್ ಗೊತ್ತಾತಿಲ್ಲ, ಮಗಾ."